ಕೂಸು ಏಳದಷ್ಟು ದನಿ

ಬ್ಯಾಡಗಿ
೧೨-೨-೨೦೨೫, ಬುಧವಾರ

ಪ್ರೀತಿಯ ಸುಶ್ಮಿತಾಳ ಪಪ್ಪಾ ಅವರಿಗೆ, ಅರುಣಾಳ ನಮಸ್ಕಾರ.

ಆರೋಗ್ಯವಾಗಿದ್ದೀರಾ? ಸಾಂಗಲಿ ಕಡೆ ಮದುವೆಗಳ ಭರಾಟೆ ಜೋರಿರಬೇಕು. ಆರ್ಕೆಸ್ಟ್ರಾದ ಹುಡುಗರ ಜೊತೆ ಪೈಪೋಟಿಗೆ ಬಿದ್ದು ಖಾರದ ರಸ್ಸಾ ತಿನ್ನಬೇಡಿ, ನಿಮ್ಮ ಹೊಟ್ಟೆ ನನಗೆ ಗೊತ್ತು. ನಾವಿಬ್ಬರೂ ಆರಾಮ ಇದ್ದೇವೆ. ಫೋನ್ ಇರುವಾಗ ಇವಳಿಗೇನು ಪತ್ರದ ಹುಚ್ಚು ಅಂತ ನಗಬೇಡಿ. ಫೋನಿನಲ್ಲಿ ನೀವು "ಏನಂದಿ? ಜೋರಾಗಿ ಹೇಳು" ಅನ್ನುತ್ತೀರಿ, ನಾನು ಜೋರಾಗಿ ಹೇಳಿದರೆ ನಮ್ಮ ಸಂಸಾರದ ಸುದ್ದಿಯೆಲ್ಲ ಮೇಲಿನ ಮನೆಗೆ ತಲುಪುತ್ತದೆ. ನಿಮ್ಮ ಡ್ರಮ್ಮಿನ ಮಲಂಗಸಾಬ ಇವತ್ತು ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕೊನೆಯವರೆಗೂ ಓದಿ, ಸಿಟ್ಟು ಮಾಡುವುದಿದ್ದರೆ ಆಮೇಲೆ ಮಾಡಿ.

ಭಾನುವಾರ ದಾವಣಗೆರೆಯವರು ನಿಮ್ಮ ಗಿಟಾರಿನ ವಾಲ್ವ್ ಆಂಪ್ ಕೊಂಡು ಒಯ್ಯಲು ಬರುವವರಿದ್ದರು. ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆಯಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಏನೆಂದಿರಿ, ನೆನಪಿದೆಯಾ? "ಸಣ್ಣಗ ಇಟ್ರ ಅದು ಸತ್ತ ದನಿ. ಮಾರಿಬಿಡು. ಈ ಸೀಜನ್ ಮುಗೀಲಿ, ನಾನೂ ಗಿಟಾರ್ ಬಿಡ್ತೇನಿ." ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ನಾನು ನಿಮ್ಮಲ್ಲೇ ನೋಡಿದ್ದು. ಮನೆಯ ಮಾಲೀಕರು ಡಾಕಪ್ಪನವರು ಹೇಳಿದ್ದರಲ್ಲಿ ತಪ್ಪೇನಿತ್ತು? "ಮ್ಯಾಲೆ ಮಗಳು ಬಾಣಂತಿ ಅದಾಳರಿ. ಸೌಂಡ್ ಕಡಿಮಿ ಮಾಡ್ರಿ, ಇಲ್ಲಾ ಬ್ಯಾರೆ ಮನಿ ನೋಡ್ಕೋರಿ" ಅಂದರು. ಮೊದಲು ರಾಣೆಬೆನ್ನೂರಿನಲ್ಲಿದ್ದಾಗ ಸ್ಟೇಷನ್ ಪಕ್ಕದ ಮನೆಯಾದ್ದರಿಂದ ರೈಲಿನ ಸದ್ದಿನಲ್ಲಿ ನಿಮ್ಮದೆಲ್ಲ ನಡೆದುಹೋಯಿತು. ಇಲ್ಲಿ ಹಾಗಲ್ಲ. ಆದರೆ ನೀವು ಗಿಟಾರ್ ಬಿಟ್ಟರೆ ನೀವು ಹೇಗಿರುತ್ತೀರಿ ಎಂದು ನನಗೆ ಗೊತ್ತು. ಕೈಮುರಿದಾಗ ಮೂರು ತಿಂಗಳು ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ. ಅದಕ್ಕೇ ಭಾನುವಾರದೊಳಗೆ ಆ ಪೆಟ್ಟಿಗೆಯಿಂದ ಸಣ್ಣಗೆ ಚೆಂದ ದನಿ ಹೊರಡಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಮೊದಲು ನನ್ನದೇ ಬುದ್ಧಿ ಓಡಿಸಿದೆ. ಡಾಕಪ್ಪನವರ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲಗಳು ಬಿದ್ದಿರುತ್ತವಲ್ಲ, ಹಮಾಲರಿಗೆ ಹೇಳಿ ನಾಲ್ಕು ತರಿಸಿ ಆಂಪಿನ ಹಿಂದೆ ಮುಂದೆ ಒತ್ತಿ ನಿಲ್ಲಿಸಿದೆ. ದನಿ ಜೋರಾಗಿಯೇ ಇಟ್ಟರೆ ಅದಕ್ಕೆ ಜೀವ ಬರುತ್ತದೆ, ಚೀಲ ಸದ್ದನ್ನು ನುಂಗುತ್ತದೆ, ಇಷ್ಟೇ ನನ್ನ ಲೆಕ್ಕ. ಸುಶ್ಮಿತಾ ಮನೆಯಲ್ಲಿರುವ ನಿಮ್ಮ ಹಳೆಯ ಗಿಟಾರಿನಲ್ಲಿ ನೀವು ಕಲಿಸಿದ ಆ ಎರಡು ಕಾರ್ಡ್ ಹಿಡಿದು ತಂತಿ ಬಾರಿಸಿದಳು. ಸದ್ದೇನೋ ತಗ್ಗಿತು. ಆದರೆ ಸ್ಪೀಕರ್ ಅದುರಿದಂತೆ ಚೀಲದ ಧೂಳೆದ್ದು, ಒಳಗೆ ಕಾದು ಕೆಂಪಗಿದ್ದ ವಾಲ್ವಿನ ಮೇಲೆ ಬಿತ್ತು ನೋಡಿ! ಘಾಟು ಮೆಟ್ಟಿಲು ಹತ್ತಿ ಹೋಯಿತು. ಮೇಲೆ ಬಾಣಂತಿ ಕೆಮ್ಮು, ಕೂಸಿನ ಕಿರುಚಾಟ. ಆ ಎಳೆಯ ಜೀವಕ್ಕೆ ಏನಾದರೂ ಆದರೆ ಎಂದು ಓಡಿ ಕಿಟಕಿ ಬಾಗಿಲೆಲ್ಲ ತೆರೆದೆ. ಡಾಕಪ್ಪನವರು ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದು, "ಅಕ್ಕಾರ, ಗಿಟಾರ್ ನುಡಸಾಕತ್ತೀರೋ ಒಗ್ಗರಣಿ ಹಾಕಾಕತ್ತೀರೋ?" ಅಂದರು. ನಗಲಿಲ್ಲ ಮಾತ್ರ. ಇನ್ನೊಂದು ಸಲ ಹೀಗಾದರೆ ಅವತ್ತೇ ಮನೆ ಖಾಲಿ ಮಾಡಿಸುತ್ತೇನೆ ಎಂದು ಹೇಳಿ ಹೋದರು. ಕೂಸು ಈಗ ಚೆನ್ನಾಗಿದೆ, ದೇವರು ದೊಡ್ಡವನು.

ಆಮೇಲೆ ನಾಚಿಕೆ ಬಿಟ್ಟು ಹಾವೇರಿಯ ಸಲಾವುದ್ದೀನ ಮಾಸ್ತರರಿಗೆ ಫೋನ್ ಮಾಡಿದೆ. ನಿಮ್ಮ ಹಳೆಯ ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರ್ ನುಡಿಸುತ್ತಿದ್ದವರು, ನಿನ್ನೆ ಬೆಳಿಗ್ಗೆಯೇ ಬಂದರು. ಆಂಪನ್ನು ನೆಲದಿಂದೆತ್ತಿ ಸ್ಟೂಲಿನ ಮೇಲಿಟ್ಟು, ಮುಂದೆ ಅವ್ವ ಹೊಲಿದ ಕೌದಿಯನ್ನು ಇಳಿಬಿಟ್ಟರು. ಆಂಪಿಗೂ ಸ್ಪೀಕರಿಗೂ ನಡುವೆ ಒಂದು ಸಣ್ಣ ಪೆಟ್ಟಿಗೆ ಜೋಡಿಸಿದರು. ವಾಲ್ವ್ ಒಳಗೆ ಪೂರ್ತಿ ದುಡಿಯುತ್ತದೆ, ಆದರೆ ಅದರ ಬಹುಪಾಲು ಜೋರು ಆ ಪೆಟ್ಟಿಗೆಯಲ್ಲೇ ಬಿಸಿಯಾಗಿ ಕಳೆದುಹೋಗಿ ಸ್ಪೀಕರಿಗೆ ಸ್ವಲ್ಪವೇ ಬರುತ್ತದಂತೆ. "ಇದರ ವೈರ್ ಬಿಚ್ಚಿ ಮಾತ್ರ ಎಂದೂ ಆನ್ ಮಾಡಬ್ಯಾಡ್ರಿ ಅಕ್ಕಾ, ಆಂಪ್ ಸುಟ್ಟ ಹೋಗ್ತೈತಿ" ಎಂದು ನನ್ನಿಂದ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ನೀವಿಟ್ಟ ಗುಂಡಿಗಳನ್ನು ಮುಟ್ಟದೆ ಒಮ್ಮೆ ನುಡಿಸಿ ನೋಡಿದರು, ತಟ್ಟನೆ ಕಿವಿ ಮುಚ್ಚಿಕೊಂಡರು. ಟ್ರೆಬಲ್, ಅಂದರೆ ಕೀರಲು ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದಿರಂತೆ, ಸೂಜಿ ಚುಚ್ಚಿದ ಹಾಗಾಯಿತಂತೆ. ನನಗೂ ಹಾಗೇ ಆಯಿತು. ಅರ್ಧಕ್ಕೆ ಇಳಿಸಿ ಮತ್ತೆ ನುಡಿಸಿದರು.

ಏನು ಹೇಳಲಿ! ಅದೇ ದನಿ. ಮದುವೆಯಾದ ಹೊಸತರಲ್ಲಿ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆನಲ್ಲ, ಆ ದುಂಡನೆಯ ದನಿ, ಕೊನೆಯಲ್ಲಿ ತುಸು ಒಡೆಯುವುದೂ ಸೇರಿ. ಇಷ್ಟಾಗಿಯೂ ನಾವು ಪಿಸುಗುಟ್ಟಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಷ್ಟು ಸಣ್ಣಗಿತ್ತು. ಡಾಕಪ್ಪನವರನ್ನು ಕರೆದು ತೋರಿಸಿದೆ. ಮೇಲೆ ಹೋಗಿ ನೋಡಿ ಬಂದು, "ಕೂಸು ಮಲಗೇತ್ರಿ. ಇಷ್ಟಾದ್ರ ನಡೀತೈತಿ, ನುಡಸ್ಕೋರಿ" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಸಂತೋಷಕ್ಕೆ ಮಾತ್ರವಲ್ಲ. ದಾವಣಗೆರೆಯವರಿಗೆ ಬರಬೇಡಿ ಎಂದು ನಾನೇ ಹೇಳಿಬಿಟ್ಟಿದ್ದೇನೆ, ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಸುಶ್ಮಿತಾ ನಮಸ್ಕಾರ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಜೋಪಾನ. ಕುಲದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಅರುಣಾ

ತಾ.ಕ.: ಮಲಂಗಸಾಬ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ, ಇನ್ನು ಹೇಳದೆ ವಿಧಿಯಿಲ್ಲ. ಆಂಪ್ ಕೆಟ್ಟಿಲ್ಲ. ಸಣ್ಣ ದನಿಯಲ್ಲೂ ಅದರಲ್ಲಿ ಎಲ್ಲ ಇದೆ, ನಿಮಗೆ ಕೇಳಿಸುತ್ತಿಲ್ಲ. ಇಷ್ಟು ವರ್ಷ ಸ್ಟೇಜಿನ ಮೇಲೆ ಸ್ಪೀಕರ್ ಪಕ್ಕದಲ್ಲೇ ನಿಂತಿರಿ, ಸಲಾವುದ್ದೀನ ಮಾಸ್ತರರಿಗೂ ಅದೇ ಅನುಮಾನ. ಕುಕ್ಕರ್ ಸೀಟಿ ಹೊಡೆದರೂ ನೀವು ತಲೆ ಎತ್ತದಿದ್ದಾಗ ಸೋಮಾರಿತನ ಎಂದು ಬೈದೆನಲ್ಲ, ನನ್ನ ಬಾಯಿಗೆ ಬೆಂಕಿ ಬೀಳಲಿ. ಹುಬ್ಬಳ್ಳಿಯ ಕಿವಿ ಡಾಕ್ಟರ ಹತ್ತಿರ ಮಂಗಳವಾರಕ್ಕೆ ನಂಬರ್ ಹಚ್ಚಿಸಿದ್ದೇನೆ, ಸೋಮವಾರವೇ ಬಂದುಬಿಡಿ. ಹೋದದ್ದು ಬರುತ್ತದೋ ಇಲ್ಲವೋ, ಉಳಿದದ್ದಾದರೂ ಉಳಿಯಲಿ. ಇದರ ಜೊತೆ ಕಿವಿಗೆ ಹಾಕುವ ಬೂಚು ಇಟ್ಟಿದ್ದೇನೆ, ನಾಳಿನ ಪ್ರೋಗ್ರಾಮಿಗೇ ಹಾಕಿಕೊಳ್ಳಿ. ಸುಶ್ಮಿತಾಗೆ ಇನ್ನೂ ಹೇಳಿಲ್ಲ. ಹಿಂದಿನಿಂದ ಕರೆದಾಗ ನೀವು ತಿರುಗದಿದ್ದರೆ, ಪಪ್ಪಾಗೆ ನನ್ನ ಮೇಲೆ ಸಿಟ್ಟು ಅಂದುಕೊಂಡು ಒಳಗೊಳಗೇ ಅಳುತ್ತಾಳೆ. ಹಾಗಲ್ಲ ಎಂದು ನೀವೇ ಬಂದು ಹೇಳಿ.