ಕೂವೆಮರ ಕೊಯ್ದದ್ದಕ್ಕೆ ಜವಾಬು

ಪಪ್ಪಾ,

ಕೊಯ್ದದ್ದು ನಾನೇ. ಹೌದು, ನಿಮ್ಮ ದೋಣಿಯ ಕೂವೆಮರವನ್ನು, ಹಾಯಿ ಕಟ್ಟುವ ಆ ಉದ್ದ ಮರವನ್ನು, ಗರಗಸ ಹಿಡಿದು ಮೊಣಕಾಲೆತ್ತರದಲ್ಲಿ ಎರಡು ತುಂಡು ಮಾಡಿದ್ದೇನೆ. ನೀವೀಗ ಎಂತ ಹೇಳ್ತೀರಿ ಅಂತ ಗೊತ್ತುಂಟು. ಶಾಲೆ ಬಿಟ್ಟವನಿಗೆ ಮುರಿಯುವುದು ಬಿಟ್ಟು ಬೇರೆ ಎಂತ ಬರ್ತದೆ, ಅಲ್ವಾ? ಹೇಳಿ, ಹೇಳಿ. ಮಣ್ಣಿನಡಿಗೆ ಹೋದ್ರೂ ನಿಮ್ಮ ಬಾಯಿ ನನ್ನ ಕಿವಿಯೊಳಗೆ ನಿಲ್ಲುವುದಿಲ್ಲ. ನಾವು ಜಗಳ ಆಡಿದ್ದೆಲ್ಲ ಕೊಂಕಣಿಯಲ್ಲಿ. ಬರೀಲಿಕ್ಕೆ ಗೊತ್ತಿರುವುದು ಕನ್ನಡ ಮಾತ್ರ, ಏಳನೇ ಕ್ಲಾಸಿನವರೆಗೆ ನೀವೇ ಪೆಟ್ಟು ಕೊಟ್ಟು ಕಳುಹಿಸಿದ್ದು. ಹಾಗಾಗಿ ಇದನ್ನು ಕನ್ನಡದಲ್ಲಿ ಕೇಳಿ. ನಡುವೆ ಬಾಯಿ ಹಾಕ್ಬೇಡಿ.

ಆ ದೋಣಿ ಮನೆಗೆ ಬಂದ ದಿನ ನನಗೆ ಸರಿಯಾಗಿ ನೆನಪುಂಟು. ಹಂಚಿನ ಕಾರ್ಖಾನೆಯ ದೊರೆ ಕಾಯಂ ಆಗಿ ವಿಲಾಯತಿಗೆ ಹೊರಟವನು, ಫಿಟ್ಟರ್ ಆಗಿದ್ದ ನಿಮಗೆ ತನ್ನ ಸಣ್ಣ ಹಾಯಿದೋಣಿ ಕೊಟ್ಟು ಹೋದ, ಅದನ್ನು ಹೊರುವ ಎರಡು ಚಕ್ರದ ಗಾಡಿ ಸಮೇತ. ಅವನು ಗಾಡಿಯನ್ನು ಕಾರಿನ ಹಿಂದೆ ಕಟ್ಟಿ ಎಳೀತಿದ್ದ. ನಮ್ಮಲ್ಲಿ ಕಾರು ಎಲ್ಲಿ ಉಂಟು? ಕಾರ್ಖಾನೆಯ ನಿಮ್ಮ ನಾಲ್ಕು ಜನ ದೋಸ್ತಿಗಳು ಬೋಳಾರದ ನಮ್ಮ ಮನೆವರೆಗೆ ನೂಕ್ಕೊಂಡು ಬಂದ್ರು. ನೀವು ಮುಂದೆ, ಕೈ ಬೀಸಿಕೊಂಡು, ಬಿಷಪರ ಹಾಗೆ. ಅಂಗಳಕ್ಕೆ ಬಂದವರೇ ಅಮ್ಮನ ತಮ್ಮ ಪಾವ್ಲು ಮಾಮನ ಎದುರು ಒಂದು ಮಾತು ಬಿಟ್ರಿ: "ಈ ಸಲ ತೆನೆ ಹಬ್ಬಕ್ಕೆ ನಿನ್ನ ಅಕ್ಕನನ್ನು ಹಾಯಿ ಏರಿಸಿಯೇ ಕರ್ಕೊಂಡು ಬರ್ತೇನೆ. ಬಸ್ಸು ಗಿಸ್ಸು ಎಲ್ಲ ಇನ್ನು ಇಲ್ಲ." ಯಾರು ಕೇಳಿದ್ರು ನಿಮ್ಮ ಹತ್ರ? ಎಂತಕ್ಕೆ ಬೇಕಿತ್ತು ಆ ಮಾತು?

ಅಮ್ಮನ ತವರು ನೇತ್ರಾವತಿಯ ನಡುವಿನ ಕುದ್ರುವಿನಲ್ಲಿ, ಸುತ್ತ ನೀರಿರುವ ನಡುಗಡ್ಡೆಯಲ್ಲಿ. ನಮ್ಮಿಂದ ನದಿಯಲ್ಲಿ ಮೇಲೆ ಹೋಗ್ಬೇಕು, ನಡುವೆ ರೈಲಿನ ಸೇತುವೆ. ತೆನೆ ಹಬ್ಬ ಬರುವುದು ಮಳೆಗಾಲದ ಕೊನೆಗೆ, ನದಿ ತುಂಬಿಯೇ ಇರ್ತದೆ. ಸಮುದ್ರದ ಭರತದ ಜೊತೆ ಹೋದ್ರೆ ನೀರು ಮೇಲೆ ಬಂದು ಕೂವೆಮರ ಸೇತುವೆಗೆ ತಾಗ್ತದೆ. ಇಳಿತಕ್ಕೆ ಕಾದ್ರೆ ನೀರು ಎದುರು ಬಂದು ನಮ್ಮನ್ನು ವಾಪಸ್ ಬಂದರಿಗೆ ತಳ್ತದೆ. ಗಾಡಿಯಲ್ಲೇ ಸೇತುವೆಯ ಆಚೆಗೆ ಸಾಗಿಸುವ ಅಂದ್ರೆ ಜೆಪ್ಪುವಿನ ಏರಿನಲ್ಲಿ ನಿಮ್ಮ ದೋಸ್ತಿಗಳ ನಾಲಗೆ ಹೊರಗೆ ಬರ್ತದೆ. ನಾನು ಆಗ್ಲೇ ಹೇಳಿದ್ದೆ, ಮರದ ಬುಡಕ್ಕೆ ಒಂದು ಕೀಲು ಇಡುವ, ಬೇಕಾದಾಗ ಮಲಗಿಸುವ ಅಂತ. ನೀವೆಂತ ಅಂದ್ರಿ? ದೊರೆಯ ಮರ, ಒಂದೇ ಮರ, ಒಂದು ಗಂಟಿಲ್ಲ, ಅದಕ್ಕೆ ಗರಗಸ ತಾಗಿಸಿದ್ರೆ ನಿನ್ನ ಕೈ ಮುರೀತೇನೆ ಅಂತ.

ಆದಿತ್ಯವಾರದ ಆ ನಾಟಕ ನೆನಪುಂಟಾ? ಇಗರ್ಜಿ ಬಿಟ್ಟ ಕೂಡ್ಲೇ ನಾಲ್ಕೂ ಜನ ಹಾಜರ್. ಅಮ್ಮ ಸಾನ್ನಾ ಬೇಯಿಸ್ಬೇಕು, ಹಂದಿಮಾಂಸ ಮಾಡ್ಬೇಕು. ತಿಂದು, ಬೀಡಿ ಎಳೆದು, ಗಾಡಿ ನೂಕಿ, ಹೊಳೆ ಬದಿಯಲ್ಲಿ ಆ ಮರ ಎತ್ಲಿಕ್ಕೆ ಶುರು. ಒಬ್ಬ ಬುಡ ಹಿಡಿಯುವುದು, ಇಬ್ಬರು ತಳ್ಳುವುದು, ಒಬ್ಬ ಹಗ್ಗ ಎಳೆಯುವುದು, ನೀವು ಬೊಬ್ಬೆ ಹಾಕುವುದು. ಮರ ನೆಟ್ಟಗೆ ನಿಂತು ಹಾಯಿ ಏರುವಾಗ ಭರತ ಇಳಿದು ದೋಣಿ ಕೆಸರಿನಲ್ಲಿ ಕೂತಿರ್ತದೆ. ಆದ್ರೂ ನೀವು ಒಳಗೆ ಹತ್ತಿ ಕೂರ್ತಿದ್ರಿ. ಕೆಸರಿನಲ್ಲಿ ಕೂತ ದೋಣಿಯಲ್ಲಿ ಚುಕ್ಕಾಣಿ ಹಿಡಿದು ಆಚೆ ಈಚೆ ತಿರುಗಿಸಿ... ನನಗೆ ನಾಚಿಕೆಯಾಗಿ ನಾನು ಬೇರೆಯವರ ಮಗನ ಹಾಗೆ ದೂರ ನಿಲ್ತಿದ್ದೆ. ಈಗ ನೆನೆಸಿದ್ರೆ ನಗು ಬರ್ತದೆ. ನಿಮ್ಮ ಮುಖ ಎಷ್ಟು ಖುಷಿಯಲ್ಲಿ ಇರ್ತಿತ್ತು ಮಾರಾಯ್ರೆ!

ಅಮ್ಮನ ಮುಖ ನೋಡಿದ್ರಾ ನೀವು? ಮೊದಲ ವರ್ಷ ಬಸ್ಸಿನಲ್ಲಿ ಹೋಗಿ, ಕಡವಿನ ದೋಣಿ ಹತ್ತಿ ಕುದ್ರುವಿಗೆ ಇಳಿದ್ರೆ ದಡದಲ್ಲಿ ಇಡೀ ಕುದ್ರುವೇ ನಿಂತಿತ್ತು. ಹಾಯಿ ಎಲ್ಲಿ ಭಾವಾ, ಒಗೆದು ಒಣಗ್ಲಿಕ್ಕೆ ಹಾಕಿದ್ದಾ ಅಂತ ಪಾವ್ಲು ಮಾಮ ಕೇಳಿದ. ನೀವೂ ನಕ್ಕಿರಿ, ಬರುವ ವರ್ಷ ನೋಡು ಅಂದ್ರಿ. ಬರುವ ವರ್ಷವೂ ಬಸ್ಸು. ಅದರ ಮುಂದಿನ ವರ್ಷ ಅಮ್ಮನಿಗೆ ತಲೆನೋವು. ಆಮೇಲೆ ಪ್ರತಿ ಹಬ್ಬಕ್ಕೂ ತಲೆನೋವು. ಹುಟ್ಟಿದ ಮನೆಯಲ್ಲಿ ಎಲ್ಲರ ಜೊತೆ ಹೊಸ ಅಕ್ಕಿಯ ಊಟ ಮಾಡ್ಬೇಕಾದವಳು ಬೋಳಾರದ ಅಡಿಗೆಮನೆಯಲ್ಲಿ ಕೂತು ತೆಂಗಿನಹಾಲಿಗೆ ನಾಲ್ಕು ಭತ್ತದ ಕಾಳು ಸುಲಿದು ಹಾಕಿ ಕುಡಿದ್ಲು. ನಿಮಗೂ ಒಂದು ಲೋಟ ಕೊಟ್ಲು. ನೀವು ಕುಡಿದು ಗಾಡಿಯ ಚಕ್ರಕ್ಕೆ ಗ್ರೀಸು ಹಚ್ಲಿಕ್ಕೆ ಹೋದ್ರಿ. ನಿಮ್ಮ ಒಂದು ಮಾತಿನಿಂದ ಅವಳ ತವರಿನ ದಾರಿ ಬಂದ್ ಆಗಿದೆ ಅಂತ ನಿಮ್ಮ ತಲೆಗೆ ಹೋಗಲೇ ಇಲ್ಲ. ನಾನು ಹೇಳಿದಾಗ ಕಪಾಳಕ್ಕೆ ಕೊಟ್ರಿ.

ನೀವು ಎದೆ ಹಿಡ್ಕೊಂಡು ಹೋದ ಮೇಲೆ ನಿಮ್ಮ ದೋಸ್ತಿಗಳು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದ್ರು. ಹಬ್ಬಕ್ಕೆ ಮುಂಚೆ, ಸೋಣ ತಿಂಗಳಿನಲ್ಲಿ ಪಾವ್ಲು ಮಾಮ ಬಂದ. ಈ ಸಲವಾದ್ರೂ ಬಾ ಅಕ್ಕಾ, ಬಸ್ಸಿನಲ್ಲೇ ಬಾ, ಇನ್ನು ಯಾರು ನಗ್ತಾರೆ ಅಂದ. ದೋಣಿಯನ್ನು ಕವುಚಿ ಹಾಕಿದ್ರೆ ಹಂದಿಗೂಡಿಗೆ ಒಳ್ಳೆ ಸೂರಾಗ್ತದೆ ಅಂತಲೂ ಹೇಳಿದ. ಅಮ್ಮ ಕಪ್ಪು ಸೀರೆಯ ಸೆರಗು ಸರಿ ಮಾಡಿಕೊಂಡು ಹೇಳಿದ್ಲು, "ಹಾಯಿಯಲ್ಲಿ ಕರ್ಕೊಂಡು ಬರ್ತೇನೆ ಅಂತ ಅವರು ನಿನಗೆ ಮಾತು ಕೊಟ್ಟಿದ್ದಾರೆ. ಹಾಗಾದ್ರೆ ಬರ್ತೇನೆ. ಇಲ್ಲದಿದ್ರೆ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯ್ತು ಪಪ್ಪಾ. ಬದುಕಿದ್ದಾಗ ನೀವು ಮಾಡ್ಲಿಲ್ಲ, ಸತ್ತ ಮೇಲೆ ಆ ಮಾತು ಹಿಡ್ಕೊಂಡು ಇವಳು ಸಾಯುವವರೆಗೆ ಮನೆಯಲ್ಲಿ ಕೂರುವುದಾ? ಸೀದಾ ಅಂಗಳಕ್ಕೆ ಹೋಗಿ ಮರವನ್ನು ಎರಡು ಕಲ್ಲಿನ ಮೇಲೆ ಮಲಗಿಸಿ ಗರಗಸ ಇಟ್ಟೆ. ಮರ ಅಲ್ಲಾಡ್ತಿತ್ತು, ಗರಗಸ ಜಾರ್ತಿತ್ತು. ಅಮ್ಮ ಹೊರಗೆ ಬಂದ್ಲು. ಈಗ ಅಳ್ತಾಳೆ, ಬೈತಾಳೆ ಅಂತ ನಾನು ತಯಾರಾಗಿಯೇ ಇದ್ದೆ. ಅವಳು ಬಂದು ಮರದ ಆಚೆ ತುದಿಯ ಮೇಲೆ ಗಟ್ಟಿಯಾಗಿ ಕೂತು, "ನೆಟ್ಟಗೆ ಕೊಯ್ಯಿ ಜೊಕ್ಕಿ, ಓರೆ ಮಾಡ್ಬೇಡ" ಅಂದ್ಲು. ಅಷ್ಟೇ. ನೀವು ಬೇಕಾದ್ರೆ ಅವಳ ಹತ್ರವೂ ಜಗಳ ಮಾಡಿ.

ನಾನು ಮಾಡುವ ಬಸ್ಸಿನ ವರ್ಕ್‌ಶಾಪಿನ ಕೆಲಸ ಕರೀ ಕೈಯ ಕೆಲಸ ಅಂತ ಹೇಳ್ತಿದ್ರಲ್ಲ, ಆ ಕರೀ ಕೈಯೇ ಈ ಕೆಲಸ ಮಾಡಿದ್ದು. ಮೂಲೆಯಲ್ಲಿ ಬಿದ್ದಿದ್ದ ಹಳೆ ಬಸ್ಸಿನ ಚಾಸಿಯ ತುಂಡನ್ನು ಮೇಸ್ತ್ರಿಯ ಹತ್ರ ಕೇಳಿ ತಂದೆ. ಎರಡು ಕಬ್ಬಿಣದ ಕೆನ್ನೆ ಮಾಡಿ ಬುಡದ ತುಂಡಿಗೆ ಬಿಗಿದೆ, ನಡುವೆ ಮೇಲಿನ ಮರ ಕೂರ್ತದೆ. ಮೇಲೊಂದು ಬೋಲ್ಟು, ಅದರ ಮೇಲೆ ಮರ ತಿರುಗುವುದು. ಕೆಳಗೊಂದು ಬೋಲ್ಟು, ಅದು ಹಾಕಿದ್ರೆ ಮರ ಅಲ್ಲಾಡುವುದಿಲ್ಲ. ಮೇಲಿನ ಮರದ ಬುಡಕ್ಕೆ ಒಂದು ಬಿದಿರು ಕಟ್ಟಿ ಮುಂದಕ್ಕೆ ಚಾಚಿ, ಹಗ್ಗವನ್ನು ಅದರ ತುದಿಯಿಂದ ದೋಣಿಯ ಮೂತಿಯ ರಾಟೆಗೆ ತಂದು ಎಳೆದ್ರೆ ನಾನೊಬ್ಬನೇ ಮರ ನಿಲ್ಲಿಸ್ತೇನೆ. ನಾಲ್ಕು ಜನ ಬೇಡ, ಸಾನ್ನಾ ಬೇಡ, ಬೊಬ್ಬೆಯೂ ಬೇಡ. ಗಾಡಿಯ ಆಕ್ಸಿಲನ್ನೂ ಸ್ವಲ್ಪ ಮುಂದೆ ಸರಿಸಿದೆ. ಈಗ ಭಾರ ಚಕ್ರದ ಮೇಲೆ ಕೂರ್ತದೆ, ಮೂಕಿಯನ್ನು ಅಮ್ಮ ಒಂದು ಕೈಯಲ್ಲಿ ಎತ್ತುತ್ತಾಳೆ. ದೊರೆಗೂ ಇದು ಹೊಳೆದಿರಲಿಲ್ಲ.

ಹಬ್ಬದ ದಿನ ಬೆಳಗ್ಗೆ ಇಗರ್ಜಿಯಲ್ಲಿ ಕೊಟ್ಟ ತೆನೆಯನ್ನು ಅಮ್ಮ ಸೆರಗಿಗೆ ಸಿಕ್ಕಿಸಿಕೊಂಡು ದೋಣಿ ಹತ್ತಿದ್ಲು. ಭರತ ಏರ್ತಿತ್ತು, ಪಡುಗಾಳಿ ಹಿಂದಿನಿಂದ. ಹಾಯಿ ತುಂಬಿದಾಗ ದೋಣಿ ಒಮ್ಮೆ ಬಾಗಿತು ನೋಡಿ, ನಿಮ್ಮ ಹಾಗೆ ನಾನೂ ಒಂದು ಬೊಬ್ಬೆ ಹಾಕಿಬಿಟ್ಟೆ. ಆ ಖುಷಿ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ನಿಮಗೆ ಅದು ಒಮ್ಮೆಯಾದ್ರೂ ಆಗಿತ್ತಾ? ಕೆಸರಿನಲ್ಲಿ ಕೂತು ಅದನ್ನೇ ಕಾಯ್ತಿದ್ದದ್ದಾ ನೀವು?

ಸೇತುವೆ ಹತ್ರ ಬರುವಾಗ ಹಾಯಿ ಇಳಿಸಿದೆ. ಮರ ಮಲಗಿಸ್ಲಿಕ್ಕೆ ನಾನು ಮುಂದೆ ಹೋಗ್ಬೇಕು, ಚುಕ್ಕಾಣಿ ಯಾರು ಹಿಡಿಯುವುದು? ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಆಗಲೇ ಚುಕ್ಕಾಣಿ ಅಮ್ಮನ ಕಂಕುಳಿನಡಿಯಲ್ಲಿತ್ತು. ಕೆಳಗಿನ ಬೋಲ್ಟು ತೆಗೆದು ಹಗ್ಗ ಬಿಡ್ತಾ ಬಂದೆ. ಮರ ಮೆಲ್ಲ ಹಿಂದಕ್ಕೆ ಮಲಗಿತು, ಅಮ್ಮ ತಲೆ ತಗ್ಗಿಸಿದ್ಲು. ಸರಿಯಾಗಿ ಆಗಲೇ ಮೇಲೆ ರೈಲು. ಸೇತುವೆಯಿಡೀ ಗಡಗಡ, ತುಕ್ಕು ಉದುರಿ ನಮ್ಮ ತಲೆ ಮೇಲೆ ಬಿತ್ತು. ಅಮ್ಮ ಒಂದು ಕೈಯಲ್ಲಿ ಶಿಲುಬೆ ಗುರುತು ಹಾಕಿದ್ಲು, ಇನ್ನೊಂದು ಕೈ ಚುಕ್ಕಾಣಿ ಬಿಡ್ಲಿಲ್ಲ. ಕಂಬದ ಬದಿಯ ಸುಳಿ ತಪ್ಪಿಸಿ ಆಚೆಗೆ ತಂದೇ ಬಿಟ್ಲು. ಹೇಗೆ ಅಂತ ಕೇಳಿದ್ರೆ, ಕುದ್ರುವಿನಲ್ಲಿ ಹುಟ್ಟಿದವಳಿಗೆ ಇದನ್ನು ಯಾರಾದ್ರೂ ಕಲಿಸ್ಬೇಕಾ ಅಂದ್ಲು. ಇಷ್ಟು ವರ್ಷ ಅವಳನ್ನು ಆ ದೋಣಿಯಲ್ಲಿ ಒಮ್ಮೆ ಕೂರಿಸಿದ್ದುಂಟಾ ನೀವು?

ಆಚೆಗೆ ಹೋಗಿ ಮರ ನಿಲ್ಲಿಸಿ ಹಾಯಿ ಏರಿಸಿದೆ. ಮರ ಸೊಟ್ಟ ಅಂತ ನೀವು ಹೇಳ್ತೀರಿ, ಸ್ವಲ್ಪ ಸೊಟ್ಟವೇ. ಆದ್ರೆ ಕುದ್ರುವಿನ ಮಕ್ಕಳಿಗೆ ಅದು ಕಂಡದ್ದು ದೂರದಿಂದ. ನಾವು ಮುಟ್ಟುವಾಗ ದಡದಲ್ಲಿ ಪುನಃ ಇಡೀ ಕುದ್ರು. ಪಾವ್ಲು ಮಾಮ ನೀರಿಗಿಳಿದು ದೋಣಿಯ ಅಂಚು ಹಿಡಿದು, ಮರ ನೋಡಿ, ಕೀಲು ನೋಡಿ, "ಭಾವ ಸತ್ತ ಮೇಲೆ ಭಾರಿ ಚುರುಕಾದ ಮಾರಾಯ" ಅಂದ. ಎಲ್ಲರಿಗಿಂತ ಮೊದಲು ನಕ್ಕದ್ದು ಅಮ್ಮ. ಮಾಮನ ಬೆನ್ನಿಗೆ ಒಂದು ಗುದ್ದಿ, ಸೀರೆ ಒದ್ದೆ ಮಾಡಿಕೊಂಡೇ ಇಳಿದು ಮನೆಗೆ ನಡೆದ್ಲು. ಆ ದಿನ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಎರಡೆರಡು ಸಲ ಕೇಳಿ ತಿಂದ್ಲು. ತಲೆನೋವು ಇಲ್ಲ, ಎಂತ ಸಾವೂ ಇಲ್ಲ.

ಇನ್ನೊಂದು ಸುದ್ದಿ ನಿಮಗೆ ಗೊತ್ತಿಲ್ಲ. ಪಾವ್ಲು ಮಾಮನ ಮಗಳಿಗೆ ಮದುವೆ ನಿಶ್ಚಯ ಆಗಿದೆ. ಮದುಮಗಳು ಇಗರ್ಜಿಗೆ ಹೊಳೆ ದಾಟಿಯೇ ಹೋಗ್ಬೇಕಲ್ಲ, ಅವಳನ್ನು ನಮ್ಮ ದೋಣಿಯಲ್ಲಿ, ಹಾಯಿ ಏರಿಸಿ, ಕರ್ಕೊಂಡು ಹೋಗ್ಬೇಕಂತೆ. ಮಾಮನೇ ಬಂದು ಕೇಳಿದ್ದು. ಚುಕ್ಕಾಣಿಗೆ ಅಮ್ಮ. ಗಾಡಿಯ ಮೂಕಿ ಹಿಡ್ಕೊಂಡು ಅವಳು ಹೊರಗೆ ಕರೀತಾ ಇದ್ದಾಳೆ, ಇವತ್ತು ಅಭ್ಯಾಸಕ್ಕೆ ಹೋಗ್ಲಿಕ್ಕುಂಟು.

ನೀವೀಗ ಎಂತ ಹೇಳ್ತೀರಿ ಅಂತಲೂ ಗೊತ್ತುಂಟು. ಆ ಕಬ್ಬಿಣದ ಕೆನ್ನೆ ಇಟ್ಕೊಂಡು ಮದುವೆಗೆ ಹೋಗುವುದಾ, ಮೊದಲು ಪೈಂಟು ಹಚ್ಚು, ನಾಲ್ಕು ಜನ ಕರಿ, ಬರುವ ವಾರ ನೋಡುವ... ಇಲ್ಲ ಪಪ್ಪಾ. ಗಾಳಿ ಈಗ ಉಂಟು. ನಿಮ್ಮ ಮಾತು ಇನ್ನೂ ಮುಗೀಲಿಲ್ಲ ಅಂತ ಗೊತ್ತು, ನನಗೆ ಕೇಳ್ಲಿಕ್ಕೆ ಪುರ್ಸೊತ್ತಿಲ್ಲ. ನಾನು ಹೊರಟೆ. ಬಾಗಿಲು ಎಳೆದು ಬಡಿದೇ ಹೋಗ್ತೇನೆ, ಅಲ್ಲಿಗೆ ಕೇಳ್ಬೇಕು ನಿಮಗೆ.