ಅಂಗಿಯೊಳಗಿನ ಬಿಡುವು

ಅಂಗಡಿಯ ಕತ್ತರಿ ಮೇಜಿನಿಂದ,
ಜೂನ್ ೧೨, ಭಾನುವಾರ ಮಧ್ಯಾಹ್ನ

ನನ್ನ ಕಡ್ಡಿಗೆ,

ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಇದ್ದಕ್ಕಿದ್ದಂತೆ ಕ್ಷೇಮವೇ ಎಂದು ಕೇಳಿದರೆ ನೀನು ಲಕೋಟೆಯನ್ನೇ ಎಸೆದುಬಿಡಬಹುದು. ಓದಿ ಎಸೆ. ತಡವಾಯಿತು ಅನ್ನುವುದಕ್ಕೂ ನನಗೆ ಮುಖವಿಲ್ಲ. ನಾಲ್ಕು ಸಲ ಬರೆದು ಹರಿದಿದ್ದೇನೆ, ಇದು ಐದನೆಯದು. ನಿನ್ನ ಮಂಡಿನೋವು ಹೇಗಿದೆ? ನಿನ್ನ ಯಜಮಾನರ ಗೊರಕೆ? ನನ್ನವರು ಹಾಗೇ ಇದ್ದಾರೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ.

ನನಗೀಗ ಐವತ್ತೆರಡು. ಎರಡು ವರ್ಷದಿಂದ ಮೈ ನನ್ನ ಮಾತು ಕೇಳುತ್ತಿಲ್ಲ. ಮುಟ್ಟು ನಿಂತಿತು, ಅದರ ಹಿಂದೆಯೇ ನಿದ್ದೆಯೂ ಹೊರಟುಹೋಯಿತು. ಇಸ್ತ್ರಿಪೆಟ್ಟಿಗೆ ಹತ್ತಿರವಿಲ್ಲದಿದ್ದರೂ ಕುತ್ತಿಗೆಯಿಂದ ನೆತ್ತಿಯವರೆಗೆ ಕಾವೇರುತ್ತದೆ. ಸೊಂಟ ಎಲ್ಲಿತ್ತು ಎಂದು ಟೇಪು ಹಿಡಿದು ಹುಡುಕಬೇಕು. ನಾನು ಮಾಡಿದ್ದೇನು ಗೊತ್ತೇ? ಅಳತೆ ಪುಸ್ತಕದಲ್ಲಿ ನನ್ನದೊಂದು ಪುಟವಿತ್ತಲ್ಲ, ನಲವತ್ತೈದನೇ ವಯಸ್ಸಿನಲ್ಲಿ ಬರೆದದ್ದು, ಸೊಂಟ ಇಪ್ಪತ್ತೆಂಟು. ಅದನ್ನೇ ನೋಡಿಕೊಂಡು ನನ್ನ ಅಂಗಿ ಕತ್ತರಿಸುತ್ತಿದ್ದೆ. ತೊಟ್ಟಾಗ ಬಿಗಿಯಾದರೆ ಬಟ್ಟೆ ಕುಗ್ಗಿದೆ ಎಂದು ಬಟ್ಟೆ ಅಂಗಡಿಯವನ ಜೊತೆ ಜಗಳ. ಕುಣಿಯಲಾರದವಳಿಗೆ ನೆಲ ಡೊಂಕು.

ಆಮೇಲೆ ಮೈಗೇ ಶಿಕ್ಷೆ ಕೊಡಲು ಹೊರಟೆ. ಬೆಳಿಗ್ಗೆ ನೀರಿನ ಟ್ಯಾಂಕಿನ ದಿಬ್ಬಕ್ಕೆ ಓಟ, ಮಧ್ಯಾಹ್ನ ಹೊಟ್ಟೆಗೆ ತಣ್ಣೀರು ಬಟ್ಟೆ. ಕಳೆದ ತಿಂಗಳು ವಕೀಲರ ಕೋಟು ಕತ್ತರಿಸುತ್ತಿದ್ದವಳು ಕಣ್ಣು ಕತ್ತಲಿಟ್ಟು ಮೇಜಿನ ಮೇಲೇ ಕುಸಿದೆ. ಎಚ್ಚರವಾದಾಗ ಕತ್ತರಿ ಕೈಯಲ್ಲೇ ಇತ್ತು, ಕೋಟಿನ ತೋಳು ಮೊಣಕೈಗೇ ಮುಗಿದಿತ್ತು. "ಬೇಸಿಗೆಗೆ ಒಳ್ಳೇದಾಯ್ತು ಬಿಡಿ" ಅಂದರು ವಕೀಲರು. ಪಾಪ, ಒಳ್ಳೆಯ ಮನುಷ್ಯ.

ಮಗಳು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ರಕ್ತ, ಬಿಪಿ ಎಲ್ಲ ನೋಡಿ, "ಬೆಳಿಗ್ಗೆಯಿಂದ ಏನು ತಿಂದ್ರಿ?" ಎಂದು ಕೇಳಿದರು. ಚಹಾ ಅಂದೆ. "ಐವತ್ತು ವರ್ಷ ನಿಮಗೋಸ್ಕರ ದುಡಿದಿರೋ ಮೈಯಮ್ಮ ಇದು, ಇದರ ಮೇಲೆ ಯಾಕಿಷ್ಟು ಹಗೆ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಓಡೋದು ಬೇಡ, ಸಂಜೆ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಮಾತಾಡ್ತಾ ನಡೀರಿ. ಸ್ವಲ್ಪ ಬಿಡುವು ಕೊಡಿ ಅದಕ್ಕೆ" ಅಂದರು.

ಬಿಡುವು! ಆ ಮಾತು ಕೇಳಿ ನನಗೆ ಅಳುವೇ ಬಂತು. ಡಾಕ್ಟರಮ್ಮ ನಾನು ಹೆದರಿದೆ ಅಂದುಕೊಂಡರು.

ನಿನಗೆ ನೆನಪಿರಬೇಕು. ಊರೆಲ್ಲ ಮಾರ್ಜಿನ್ ಅಂದರೂ ನಮಗೆ ಹೊಲಿಗೆ ಕಲಿಸಿದ ಮಾಸ್ಟರು ಮಾತ್ರ ಹೊಲಿಗೆಯ ಒಳಗೆ ಮಡಿಸಿಡುವ ಹೆಚ್ಚಿನ ಬಟ್ಟೆಗೆ ಬಿಡುವು ಅನ್ನುತ್ತಿದ್ದರು. "ಬಿಡುವು ಇಟ್ಟಿದೀರಾ, ಹುಡುಗೀರಾ? ಮೈ ಅನ್ನೋದು ನಿಂತ ನೀರಲ್ಲ. ಇವತ್ತಿನ ಮೈಗೆ ಹೊಲೀರಿ, ನಾಳೆ ಮೈಗೆ ಬಿಡುವು ಇಡಿ." ನಾವಿಬ್ಬರೂ ಅವರ ಬೆನ್ನ ಹಿಂದೆ ಅವರ ಹಾಗೆಯೇ ಮೂಗಿನಲ್ಲಿ ಮಾತಾಡಿ ನಗುತ್ತಿದ್ದೆವು. ಹತ್ತೊಂಬತ್ತು ವರ್ಷದವರಿಗೆ ನಾಳೆಯ ಮೈ ಅಂದರೆ ಏನು ಗೊತ್ತಿರುತ್ತದೆ!

ಶನಿವಾರ ಸಂಜೆ ಮಾಸ್ಟರು ಚಹಾಕ್ಕೆ ಹೋದ ಕೂಡಲೇ ನಾವು ಒಬ್ಬರನ್ನೊಬ್ಬರು ಅಳೆದುಕೊಳ್ಳುತ್ತಿದ್ದೆವಲ್ಲ. ನಿನ್ನ ಸೊಂಟ ಇಪ್ಪತ್ತಮೂರು, ನನ್ನದು ಮೂವತ್ತೆರಡು. ನೀನು ಕಡ್ಡಿ, ನಾನು ಮೂಟೆ. ನನ್ನನ್ನು ಅಳೆಯುವಾಗ ನೀನು ಟೇಪನ್ನು ಬಿಗಿಯಾಗಿ ಎಳೆದು "ಮೂವತ್ತು!" ಎಂದು ಕೂಗುತ್ತಿದ್ದೆ. ನನಗೆ ಗೊತ್ತಾಗುತ್ತಿತ್ತು ಕಣೇ. ಗೊತ್ತಾಗದವಳ ಹಾಗೆ ಖುಷಿಪಡುತ್ತಿದ್ದೆ. ಆ ಮರದ ಮೆಟ್ಟಿಲು, ಎಣ್ಣೆಯ ವಾಸನೆಯ ಮಿಷನ್ನುಗಳು, ಒಂದೇ ಲೋಟದಲ್ಲಿ ಹಂಚಿಕೊಂಡ ಚಹಾ, ಎಲ್ಲ ಈಗ ಕಣ್ಣೆದುರು ಬರುತ್ತವೆ.

ಅಂಥವಳಿಗೆ ನಾನು ಏನು ಮಾಡಿದೆ? ನಿನ್ನ ಮದುವೆಗೆ ನಾನೇ ಹೊಲಿದ ನೇರಳೆ ಅಂಗಿಯನ್ನು ನಿನ್ನ ಮಗಳ ಮದುವೆಗೆ ತೊಡಬೇಕು ಎಂದು ನೀನು ಆಸೆಯಿಂದ ತಂದಿದ್ದೆ. ನಿನಗೆ ಗರ್ಭಕೋಶದ ಆಪರೇಷನ್ ಆಗಿ ಆರು ತಿಂಗಳಾಗಿತ್ತಷ್ಟೇ, ಮೈ ಊದಿಕೊಂಡಿತ್ತು. "ಒಳಗೆ ಬಿಡುವು ಇರತ್ತಲ್ಲ, ಬಿಚ್ಚಿಕೊಡೇ" ಎಂದು ನೀನು ಕೇಳಿದೆ. ನಾನು ಅಂಗಿ ತಿರುಗಿಸಿ ನೋಡಿ, ನಾಲ್ಕು ಜನ ಗಿರಾಕಿಗಳೆದುರು, "ಬಟ್ಟೆ ಇಲ್ಲ. ಅಂಗಿ ಬಿಚ್ಚೋ ಬದಲು ಮೈ ಇಳಿಸ್ಕೊಂಡು ಬಾ" ಅಂದೆ. ನೀನು ಅಂಗಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತಿಗೆ ಕ್ಷಮಿಸು, ಕಡ್ಡಿ.

ಮೊನ್ನೆ ಮಗಳ ಕೈಯಲ್ಲಿ ಹೊಸದಾಗಿ ಅಳೆಸಿಕೊಂಡೆ. ಮೂವತ್ತಾರೂವರೆ. ಹಳೆಯ ಪುಟ ಹರಿದು ಹೊಸದನ್ನು ಪೆನ್ನಿನಲ್ಲೇ ಬರೆದೆ, ಆ ಅಳತೆಗೊಂದು ಹತ್ತಿ ಅಂಗಿ ಹೊಲಿದುಕೊಂಡೆ. ಬಗ್ಗಿದರೆ ಉಸಿರು ಕಟ್ಟುವುದಿಲ್ಲ, ಎಂಥ ಸುಖ! ಮಧ್ಯಾಹ್ನ ಹೊಟ್ಟೆತುಂಬ ಉಂಡು ಹತ್ತು ನಿಮಿಷ ಕಾಲು ಚಾಚುತ್ತೇನೆ. ಸಂಜೆ ದಿಬ್ಬದ ಅರ್ಧದವರೆಗೆ ನಡೆದು ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಮಾತಾಡುತ್ತಾ ನಡೆಯಬೇಕಂತೆ. ಒಬ್ಬಳೇ ಮಾತಾಡಿದರೆ ಜನ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ನಿನ್ನ ಮಗಳು ಅಳಿಯ ನೂರು ಕಾಲ ತಣ್ಣಗಿರಲಿ. ನಿನ್ನ ಮಂಡಿಗೂ ಮನಸ್ಸಿಗೂ ನೋವಿಲ್ಲದಿರಲಿ.

ನಿನ್ನ,
ಮೂಟೆ

ತಾ.ಕ.: ಇದನ್ನು ಬರೆಯಲಾಗದೇ ಆ ನಾಲ್ಕು ಪತ್ರ ಹರಿದದ್ದು. ಅವತ್ತು ಬಟ್ಟೆ ಇತ್ತು. ಎರಡೂ ಪಕ್ಕದಲ್ಲಿ ಎರಡೆರಡು ಇಂಚು, ಮಾಸ್ಟರು ಹೇಳಿಕೊಟ್ಟ ಹಾಗೆ ನಾನೇ ಇಟ್ಟದ್ದು. ಮೇಲೆ ಲೈನಿಂಗ್ ಮುಚ್ಚಿತ್ತು, ನೀನು ನನ್ನ ಮಾತು ನಂಬಿದೆ. ಹಸಿದು ಹಸಿದು ಜನ್ಮದಲ್ಲಿ ಮೊದಲ ಸಲ ನಾನು ನಿನಗಿಂತ ತೆಳ್ಳಗಾಗಿದ್ದೆ. ಒಂದು ದಿನವಾದರೂ ನೀನು ಮೂಟೆಯಾಗಿರಲಿ ಅನ್ನಿಸಿತು. ಅಷ್ಟೇ ಕಾರಣ, ಬೇರೇನೂ ಇಲ್ಲ. ನಿನ್ನೆ ಪಕ್ಕಗಳನ್ನು ಬಿಚ್ಚಿದೆ. ಮಡಿಕೆಯೊಳಗಿದ್ದ ಬಟ್ಟೆ ಇನ್ನೂ ನಿನ್ನ ಮದುವೆಯ ದಿನದ ಹೊಸ ನೇರಳೆಯಾಗಿಯೇ ಇದೆ. ಎಷ್ಟಕ್ಕೆ ಹೊಲಿಯಲಿ ಎಂದು ಗೊತ್ತಾಗದೆ ಹಾಗೇ ಇಟ್ಟಿದ್ದೇನೆ. ನಿನ್ನ ಈಗಿನ ಅಳತೆ ನನ್ನ ಪುಸ್ತಕದಲ್ಲಿಲ್ಲ. ಒಂದು ಶನಿವಾರ ಸಂಜೆ ಬಾ. ಈ ಸಲ ಇಬ್ಬರೂ ಟೇಪು ಬಿಗಿಯಾಗಿ ಎಳೆಯುವುದು ಬೇಡ.