‘ಹೆಸರಿಟ್ಟಿಲ್ಲ’ ಎಂಬ ಹೆಸರಿನ ನನ್ನ ಮೊಮ್ಮಗಳು

ಮಕ್ಕಳ ಆರೋಗ್ಯ ವಿಮೆಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಆರು ವರ್ಷದ ನನ್ನ ಮೊಮ್ಮಗಳಿಗೆ ನಿಮ್ಮ ಕಚೇರಿ ವಿಮಾ ಕಾರ್ಡ್ ನಿರಾಕರಿಸಿದೆ. ಕಾರಣ, ಅವಳಿಗೆ ಈಗಾಗಲೇ ಕಾರ್ಡ್ ಕೊಟ್ಟಾಗಿದೆಯಂತೆ. ನಮ್ಮ ಮನೆಗೆ ಮಾತ್ರ ಅದು ಬಂದಿಲ್ಲ.

ಅವಳು ಹುಟ್ಟಿದ ಮರುದಿನ ಆಸ್ಪತ್ರೆಯ ಗುಮಾಸ್ತರು ಮಗುವಿನ ಹೆಸರು ಕೇಳಿದರು. ‘ಹೆಸರಿಟ್ಟಿಲ್ಲ’ ಎಂದಳು ನನ್ನ ಮಗಳು. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವ ಪ್ರಾಮಾಣಿಕರು ಅವರು. ಜನನ ಪತ್ರದಲ್ಲಿ ಹೆಸರಿನ ಜಾಗದಲ್ಲಿ ‘ಹೆಸರಿಟ್ಟಿಲ್ಲ’ ಎಂದೇ ಅಚ್ಚಾಯಿತು. ಆಮೇಲೆ ಹೆಸರಿಟ್ಟೆವು, ಶಾಲೆಗೆ ಸೇರಿಸಿದೆವು. ಪತ್ರ ಮಾತ್ರ ತಿದ್ದಿಸದೆ ಟ್ರಂಕಿನಲ್ಲೇ ಉಳಿಯಿತು. ಅಷ್ಟು ತಪ್ಪು ನಮ್ಮದು, ಒಪ್ಪುತ್ತೇನೆ.

ಕಾರ್ಡಿಗೆಂದು ಆ ಪತ್ರವನ್ನೇ ಕೊಟ್ಟಾಗ ನಿಮ್ಮ ಎರಡನೇ ಕೌಂಟರಿನ ಮೇಡಂ ಕಂಪ್ಯೂಟರ್ ನೋಡಿ, “ಅಜ್ಜಾ, ಈ ಮಗು ಆಗ್ಲೇ ಸೇರಿದೆಯಲ್ಲ. ಒಂದು ಮಗೂಗೆ ಎರಡು ಕಾರ್ಡ್ ಬರಲ್ಲ” ಎಂದರು.

“ಅದು ಬೇರೆ ಮಗು, ತಾಯಿ. ಅಪ್ಪ-ಅಮ್ಮನ ಹೆಸರು ನೋಡಿ.”

“ಕಂಪ್ಯೂಟರ್ ಅದನ್ನೆಲ್ಲ ನೋಡಲ್ಲ. ಹೆಸರು, ಹುಟ್ಟಿದ ದಿನ, ಅಷ್ಟೇ.”

ಅದೇ ದಿನ ಹುಟ್ಟಿದ ಇನ್ಯಾವುದೋ ಕೂಸಿನ ತಾಯಿಯೂ ಅದೇ ಗುಮಾಸ್ತರಿಗೆ ಅದೇ ಉತ್ತರ ಕೊಟ್ಟಿರಬೇಕು. ಆ ಮಗು ಚೆನ್ನಾಗಿರಲಿ. ಆದರೆ ಹೆಸರಿಡದ ಮಕ್ಕಳೆಲ್ಲ ಸೇರಿ ಒಂದೇ ಮಗು ಎಂಬ ಈ ಅದ್ವೈತವನ್ನು ನಿಮ್ಮ ಇಲಾಖೆಗೆ ಬೋಧಿಸಿದವರು ಯಾರು?

ಪತ್ರ ತಿದ್ದಿಸಲು ಜನನ ನೋಂದಣಿ ಕಚೇರಿಗೆ ಹೋದೆ. ಶಾಲೆಯ ದಾಖಲೆ ನಡೆಯುವುದಿಲ್ಲವಂತೆ. ವಿಮಾ ಕಾರ್ಡ್ ತಂದರೆ ತಕ್ಷಣ ತಿದ್ದಿಕೊಡುತ್ತಾರಂತೆ. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಎರಡು ಕಚೇರಿಗಳ ನಡುವೆ ಏಳು ಸಲ ಓಡಾಡಿದ್ದೇನೆ.

ಇಷ್ಟಕ್ಕೂ ಕಾರ್ಡ್ ಯಾಕೆ ಬೇಕು ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅವಳ ಕಿವಿ ಸೋರುತ್ತಿದೆ. ಬಲಗಿವಿ ಹೆಚ್ಚುಕಡಿಮೆ ಹೋಗಿದೆ. “ಎಡಗಿವೀನಾದ್ರೂ ಉಳಿಸ್ಕೋಬೇಕು, ಆಪರೇಷನ್ ತಡ ಮಾಡ್ಬೇಡಿ” ಎಂದಿದ್ದಾರೆ ಡಾಕ್ಟರಮ್ಮ. ನಾನು ಬೋರ್ಡ್ ಬರೆಯುವವನು. ಕುಂಚ ಕೊಡು ಎಂದರೆ ಕುರ್ಚಿ ಎಳೆದು ತರುತ್ತಾಳೆ. ಮೊದಲ ಸಲ ಮನೆಮಂದಿಯೆಲ್ಲ ನಕ್ಕೆವು. ಈಗ ಯಾರೂ ನಗುವುದಿಲ್ಲ.

ನಿಮ್ಮ ಕಚೇರಿಯ ಗೋಡೆಯ ಮೇಲೆ ‘ಅರ್ಹ ಮಗು ಒಂದೂ ಬಿಟ್ಟುಹೋಗಬಾರದು’ ಎಂದಿದೆಯಲ್ಲ, ಅದನ್ನು ಬರೆದವನೂ ನಾನೇ. ‘ಒಂದೂ’ ಎಂಬುದಕ್ಕೆ ಕೆಂಪು ಬಣ್ಣ ಹಾಕಿ ಎಂದು ಪಕ್ಕದಲ್ಲಿ ನಿಂತು ಹೇಳಿದವರು ನೀವು. ಆಗ ನಿಮ್ಮ ಮಾತನ್ನು ನಂಬಿ ಎರಡು ಕೋಟ್ ಹೊಡೆದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಜನ ‘ಹೆಸರಿಟ್ಟಿಲ್ಲ’ ಇದ್ದಾರೆಂದು ಹುಡುಕಿಸಿ, ಶಾಲೆಯ ದಾಖಲೆ ನೋಡಿ ಅವರವರ ಹೆಸರಿಗೆ ಕಾರ್ಡ್ ಕೊಡಿಸಿ. ನನ್ನ ಮೊಮ್ಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆದದ್ದು ನಿಮ್ಮಲ್ಲಿ ನಡೆಯುವುದಿಲ್ಲವಲ್ಲ. ಸೋಮವಾರ ಅವಳನ್ನು ಶಾಲೆಯ ದಾಖಲೆಯ ಸಮೇತ ಕರೆತಂದು ಕೌಂಟರಿನ ಮುಂದೆ ಕೂರಿಸುತ್ತೇನೆ. ನೀವೇ ಬಂದು ಅವಳ ಹೆಸರನ್ನು ಕೂಗಿ ಕಾರ್ಡ್ ಕೊಡಿ. ಎಡಗಡೆ ನಿಂತು ಕೂಗಿ. ಸದ್ಯಕ್ಕೆ ಆ ಕಡೆ ಕೇಳಿಸುತ್ತದೆ.

ಇಂತಿ,
ನಿಮ್ಮ ಬಾಗಿಲ ಮೇಲೆ ನಿಮ್ಮ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆದುಕೊಟ್ಟ
ಬೋರ್ಡ್ ಪೇಂಟರ್, ‘ಹೆಸರಿಟ್ಟಿಲ್ಲ’ಳ ಅಜ್ಜ